ಗೇಮ್ ಮುಚ್ಚುವ ಮುಂಚೆ ಎರಡು ಸಾಲು ಬರೆದಿಡಿ

ಅರ್ಧಕ್ಕೆ ಬಿಟ್ಟ ಗೇಮ್‌ಗಳು ರಾಶಿ ಬಿದ್ದಿದ್ದರೆ ಇದೊಂದು ಮಾಡಿ ನೋಡಿ: ಪ್ರತಿ ಸಲ ಆಟ ನಿಲ್ಲಿಸುವ ಮುಂಚೆ ಎರಡು ಸಾಲು ಬರೆದಿಡಿ. ಮುಂದೆ ಏನು ಮಾಡಬೇಕು ಅಂತ ಒಂದು, ಯಾವ ಬಟನ್ ಯಾವುದಕ್ಕೆ ಅಂತ ಇನ್ನೊಂದು. ಕಂಪ್ಯೂಟರ್‌ನಲ್ಲಿ ಸ್ಟೀಮ್ (ಗೇಮ್ ಕೊಂಡು ಆಡುವ ಆ್ಯಪ್) ಮೂಲಕ ಆಡುವವರು ಆಟದ ಮಧ್ಯೆ ಶಿಫ್ಟ್, ಟ್ಯಾಬ್ ಒಟ್ಟಿಗೆ ಒತ್ತಿದರೆ ನೋಟ್ಸ್ ಸಿಗುತ್ತೆ (2023ರಲ್ಲಿ ಬಂದದ್ದು), ಪ್ರತಿ ಗೇಮ್‌ಗೂ ಬೇರೆ ಬೇರೆ. ಕನ್ಸೋಲ್ ಇರುವವರಿಗೆ ಫೋನ್ ಸಾಕು. ಹಾಲೋ ನೈಟ್ ಅನ್ನೋ ಗೇಮ್‌ಗೆ ನಾನು ಬರೆದದ್ದು: “ಸಿಟಿ ಆಫ್ ಟಿಯರ್ಸ್‌ನ ಬೆಂಚ್ ಮೇಲೆ ಇದ್ದೀನಿ, ಬಾಸ್ ಸೋಲ್ ಮಾಸ್ಟರ್‌ನ ಸೋಲಿಸೋದು ಬಾಕಿ. ಫೋಕಸ್ ಒತ್ತಿ ಹಿಡಿದರೆ ಜೀವ ತುಂಬುತ್ತೆ.” ಇಷ್ಟೇ. ಎರಡು ತಿಂಗಳು ಬಿಟ್ಟು ಬಂದರೆ ಕಥೆಗಿಂತ ಮೊದಲು ಬೆರಳು ಮರೆತಿರುತ್ತೆ. ಬಂದ ಕೂಡಲೇ ನಾಲ್ಕು ಸಲ ಸತ್ತು, “ಮೊದಲಿಂದಲೇ ಶುರು ಮಾಡೋಣ” ಅನ್ನಿಸಿಬಿಡುತ್ತೆ, ಮತ್ತೆ ಅದೇ ಜಾಗದಲ್ಲಿ ಕೈಬಿಡ್ತೀವಿ. ದಿ ವಿಚರ್ 3 ಲೋಡ್ ಆಗುವಾಗ ಹಿಂದಿನ ಕಥೆ ಹೇಳುತ್ತೆ ನಿಜ, ಆದರೆ ನೀವು ಆ ಊರಿಗೆ ಯಾಕೆ ಹೊರಟಿದ್ದಿರಿ ಅನ್ನೋದು ನಿಮಗೆ ಮಾತ್ರ ಗೊತ್ತು. ಫ್ಯಾಕ್ಟೋರಿಯೊ ತರಹದ ಗೇಮ್‌ಗಳಿಗೆ ಇದು ಸಾಲದು: ನೀವೇ ಕಟ್ಟಿದ ಕಾರ್ಖಾನೆಯ ಬೆಲ್ಟ್‌ಗಳ ಲೆಕ್ಕ ಎರಡು ಸಾಲಲ್ಲಿ ಹಿಡಿಯಲ್ಲ, ಬಹಳ ದಿನ ಆಗಿದ್ದರೆ ಹೊಸದಾಗಿ ಶುರು ಮಾಡೋದೇ ವಾಸಿ. ಇನ್ನು ನೋಟ್ ಓದಿದ ಮೇಲೂ ಆಡೋಕೆ ಮನಸ್ಸು ಬರದಿದ್ದರೆ ಆ ಗೇಮ್ ನಿಮಗೆ ಹಿಡಿಸಿಲ್ಲ ಅಂತಲೇ, ಅನ್‌ಇನ್‌ಸ್ಟಾಲ್ ಮಾಡಿ ಪಟ್ಟಿಯಿಂದ ತೆಗೆದುಬಿಡಿ.