ಹಿತ್ತಲಿಗೊಂದು ಶೀಟ್ ಬಾಗಿಲು: ಅಳತೆ ತೆಗೆಯುವುದರಿಂದ ಬೆಣೆ ಬಿಚ್ಚುವವರೆಗೆ

ಹಳೆ ಮನೆಯ ಹಿತ್ತಲ ಬಾಗಿಲು ಮೊದಲು ಕೆಡುವುದು ಬುಡದಲ್ಲಿ. ಬಚ್ಚಲ ನೀರು, ಮಳೆ ನೀರು ಅಲ್ಲೇ ಸಿಡಿಯುತ್ತದೆ. ಮರ ಮೆತ್ತಗಾಗುತ್ತದೆ, ಗೆದ್ದಲು ಹತ್ತುತ್ತದೆ. ಆಗ ಜನ ವೆಲ್ಡಿಂಗ್ ಶಾಪಿಗೆ ಬಂದು ಹೇಳುವುದು ಒಂದೇ ಮಾತು: "ಅಣ್ಣಾ, ಒಂದು ಶೀಟ್ ಬಾಗಿಲು ಮಾಡಿಕೊಡಿ. ಮೂರಡಿ, ಏಳಡಿ."

ಆ ಮಾತನ್ನು ನಂಬಿ ಪೈಪ್ ಕತ್ತರಿಸಬೇಡಿ. ಟೇಪು ಹಿಡಿದು ಮನೆಗೇ ಹೋಗಿ.

ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಮನೆಗೆ ಹೋಗಿ ಎದೆಮಟ್ಟದಲ್ಲಿ ಮಾತ್ರ ಅಗಲ ಅಳೆದುಕೊಂಡು ಬಂದೆ. ಬಾಗಿಲು ಚೆನ್ನಾಗಿಯೇ ಆಯಿತು, ಬಣ್ಣವೂ ಆಯಿತು. ನಿಲ್ಲಿಸಲು ಹೋದರೆ ಕೆಳಗೆ ಗೋಡೆ ಅರ್ಧ ಇಂಚು ಒಳಗೆ ಬಂದಿತ್ತು. ಬಣ್ಣ ಹೊಡೆದ ಬಾಗಿಲನ್ನು ಮತ್ತೆ ಕತ್ತರಿಸಿ, ಮತ್ತೆ ಬೆಸೆದೆವು. ಆ ಮನೆಯವರು ಎರಡು ರಾತ್ರಿ ಹಿತ್ತಲಿಗೆ ಗೋಣಿಚೀಲ ಕಟ್ಟಿಕೊಂಡು ಮಲಗಬೇಕಾಯಿತು. ಅಳತೆ ಎಂದರೆ ಏನು ಅಂತ ನನಗೆ ಅರ್ಥವಾಗಿದ್ದು ಅವತ್ತೇ.

ಅಳತೆ

ಅಗಲವನ್ನು ಮೇಲೆ, ನಡುವೆ, ಕೆಳಗೆ, ಹೀಗೆ ಮೂರು ಕಡೆ ಅಳೆಯಿರಿ. ಎತ್ತರವನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಅಳೆಯಿರಿ. ಇದರಲ್ಲಿ ಯಾವುದು ಕಮ್ಮಿಯೋ ಅದೇ ನಿಮ್ಮ ಅಳತೆ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿಯಿರಿ. ಸರಿಯಾದ ಮೂರಡಿ ಏಳಡಿ ಜಾಗಕ್ಕೆ ಎರಡೂ ಅಳತೆ ಸುಮಾರು 7 ಅಡಿ 7 ಇಂಚಿನ ಮೇಲೆ ಸ್ವಲ್ಪ, ಅಂದರೆ 232 ಸೆಂ.ಮೀ. ಬರಬೇಕು. ಹಳೆ ಮನೆಗಳಲ್ಲಿ ಬರುವುದೇ ಇಲ್ಲ.

ಬರದಿದ್ದರೆ ಗಾಬರಿ ಬೇಡ. ಗೋಡೆ ಸೊಟ್ಟ ಇದೆ ಅಂತ ಬಾಗಿಲನ್ನೂ ಸೊಟ್ಟ ಮಾಡಬಾರದು. ಚೌಕಟ್ಟನ್ನು ಮೂಲೆಮಟ್ಟಕ್ಕೆ ಸರಿಯಾಗಿಯೇ ಮಾಡಿ, ಸುತ್ತಲೂ ಕನಿಷ್ಠ 10 ಮಿ.ಮೀ. ಸಂದು ಬಿಡಿ. ಗೋಡೆಯ ಸೊಟ್ಟವನ್ನು ಗಾರೆ ನುಂಗಿಕೊಳ್ಳುತ್ತದೆ. ಬಾಗಿಲು ಒಳಗೆ ತೆರೆಯಬೇಕೋ ಹೊರಗೋ, ಹಿಂಜು ಎಡಕ್ಕೋ ಬಲಕ್ಕೋ ಎಂದು ಮನೆಯವರನ್ನು ಅಲ್ಲೇ ನಿಲ್ಲಿಸಿಕೊಂಡು ಕೇಳಿ. ಒಂದು ಚಿತ್ರ ಬರೆದು ತೋರಿಸಿ ಒಪ್ಪಿಗೆ ಪಡೆಯಿರಿ.

ಸಾಮಾನು

ಗೋಡೆಗೆ ಕೂರುವ ಚೌಕಟ್ಟಿಗೆ 40×40×5 ಮಿ.ಮೀ. ಆಂಗಲ್, ಅಂದರೆ L ಆಕಾರದ ಕಬ್ಬಿಣದ ಪಟ್ಟಿ. ಕದದ ಫ್ರೇಮಿಗೆ ಒಂದೂವರೆ ಇಂಚಿನ ಚೌಕ ಪೈಪ್, 2 ಮಿ.ಮೀ. ದಪ್ಪದ್ದು. ಶೀಟ್ 1.2 ಮಿ.ಮೀ., ಅಂದರೆ ಅಂಗಡಿಯವರು 18 ಗೇಜ್ ಎನ್ನುವುದು. 20 ಗೇಜಿನ ಶೀಟ್ ಕಮ್ಮಿ ಬೆಲೆಗೆ ಸಿಗುತ್ತದೆ ನಿಜ. ಆದರೆ ತೆಳು ಶೀಟ್ ಬೇಗ ತೂತು ಬೀಳುತ್ತದೆ, ಮುಚ್ಚಿದಾಗಲೆಲ್ಲ ಡಬ್ಬದಂತೆ ಸದ್ದು ಮಾಡುತ್ತದೆ. ಹೊರಬಾಗಿಲಿಗೆ ಅದನ್ನು ನಾನು ಹಾಕುವುದಿಲ್ಲ.

ಕಿಲೋ ಲೆಕ್ಕದಲ್ಲಿ ದುಡ್ಡು ಕೊಡುವವರಿಗೆ ಒಂದು ಲೆಕ್ಕ ಗೊತ್ತಿದ್ದರೆ ಒಳ್ಳೆಯದು. 1 ಮಿ.ಮೀ. ದಪ್ಪದ ಕಬ್ಬಿಣದ ಶೀಟ್ ಒಂದು ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. 1.2 ಮಿ.ಮೀ. ಆದರೆ 9.4 ಕಿಲೋ. ನಮ್ಮ ಬಾಗಿಲಿಗೆ ಶೀಟ್ ಸುಮಾರು 18 ಕಿಲೋ, ಪೈಪ್ ಸುಮಾರು 17 ಕಿಲೋ. ಕದವೊಂದೇ ಹತ್ತಿರಹತ್ತಿರ 35 ಕಿಲೋ ಆಯಿತು. ಹಿಂಜಿನ ಮೇಲೆ ಬೀಳುವ ಭಾರವೂ ಇದೇ, ನೆನಪಿರಲಿ.

ಫ್ರೇಮು

ಆಂಗಲ್ ಚೌಕಟ್ಟಿನ ಒಳ ಅಗಲಕ್ಕಿಂತ ಕದ 7 ಮಿ.ಮೀ. ಕಮ್ಮಿ ಇರಲಿ: ಹಿಂಜಿನ ಕಡೆ 3, ಚಿಲಕದ ಕಡೆ 4. ಮೇಲೆ 4 ಮಿ.ಮೀ., ಕೆಳಗೆ ನೆಲದಿಂದ 10 ಮಿ.ಮೀ. ಸಂದು. ಬಣ್ಣದ ದಪ್ಪಕ್ಕೂ ಜಾಗ ಬೇಕಲ್ವಾ?

ಉದ್ದ ಪೈಪ್ ಎರಡು, ಅಡ್ಡ ಪೈಪ್ ನಾಲ್ಕು. ಇವನ್ನು ಸಮತಟ್ಟಾದ ಜಾಗದಲ್ಲಿ ಜೋಡಿಸಿ, ಪ್ರತಿ ಮೂಲೆಗೂ ಒಂದೊಂದು ಸಣ್ಣ ಟ್ಯಾಕ್ (ಹಿಡಿದಿಡಲು ಹಾಕುವ ಚುಕ್ಕೆ ಬೆಸುಗೆ) ಮಾತ್ರ ಹೊಡೆಯಿರಿ. ಮೂಲೆಯಿಂದ ಮೂಲೆಗೆ ಅಳೆಯಿರಿ. ವ್ಯತ್ಯಾಸ ಬಂದರೆ ಉದ್ದ ಇರುವ ಮೂಲೆಗೆ ಮೆಲ್ಲಗೆ ಸುತ್ತಿಗೆ ಏಟು ಕೊಡಿ. ಎರಡೂ ಅಳತೆ ಒಂದಾದ ಮೇಲೆ ಇನ್ನೊಂದು ಮಗ್ಗುಲಿಗೆ ಟ್ಯಾಕ್. ಇಷ್ಟಾದರೂ ಪೂರ್ತಿ ವೆಲ್ಡಿಂಗಿಗೆ ಅವಸರ ಮಾಡಬೇಡಿ.

ಕಾರಣ ಇದೆ. 2 ಮೀಟರ್ ಉದ್ದದ ಕಬ್ಬಿಣ 100 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 2.4 ಮಿ.ಮೀ. ಹಿಗ್ಗುತ್ತದೆ. ವೆಲ್ಡಿಂಗ್ ಜಾಗದಲ್ಲಿ ಕಬ್ಬಿಣ ಕರಗಿಯೇ ಹೋಗುತ್ತದೆ. ತಣ್ಣಗಾಗುವಾಗ ಕುಗ್ಗಿ, ಅಕ್ಕಪಕ್ಕದ ಪೈಪನ್ನು ತನ್ನ ಕಡೆಗೆ ಎಳೆಯುತ್ತದೆ. ಒಂದೇ ಮೂಲೆಯನ್ನು ಪೂರ್ತಿ ಬೆಸೆದು ಮುಂದಿನದಕ್ಕೆ ಹೋದರೆ ಫ್ರೇಮು ಮುರುಟಿಕೊಳ್ಳುತ್ತದೆ. ಅದಕ್ಕೇ ಒಂದು ಮೂಲೆ ಬೆಸೆದ ಮೇಲೆ ಅದರ ಎದುರು ಮೂಲೆಗೆ ಹೋಗಬೇಕು. ಆಂಗಲ್ ಚೌಕಟ್ಟಿಗೂ ಇದೇ ಕ್ರಮ. ಅದರ ಕೆಳಗಡೆ ತೆರೆದಿರುವುದರಿಂದ, ಕಾಲುಗಳು ಅಗಲವಾಗದಂತೆ ಒಂದು ಪಟ್ಟಿಯನ್ನು ಅಡ್ಡ ಟ್ಯಾಕ್ ಮಾಡಿಡಿ. ಗೋಡೆಗೆ ಕೂರಿಸಿದ ಮೇಲೆ ಅದನ್ನು ಕತ್ತರಿಸಿದರಾಯಿತು.

ಶೀಟು

ಕೈ ಪಳಗದವರ ಬಾಗಿಲಲ್ಲಿ ಶೀಟಿಗೆ ಹೊಟ್ಟೆ ಬರುತ್ತದೆ. ಕೈಯಲ್ಲಿ ಒತ್ತಿದರೆ ಟಕ್ ಅಂತ ಒಳಗೆ, ಬಿಟ್ಟರೆ ಟಕ್ ಅಂತ ಹೊರಗೆ. ಇದನ್ನು ತಡೆಯಲು ಎರಡು ಕೆಲಸ ಮಾಡಬೇಕು.

ಮೊದಲನೆಯದು, ಬೆಂಡಿಂಗ್ ಮಶೀನಿನಲ್ಲಿ ಶೀಟಿನ ಉದ್ದಕ್ಕೂ ಎರಡು ಮೂರು ಗೀರು ಒತ್ತಿಸುವುದು. ಗೀರಿನ ಏಣು ಹೊರಮುಖಕ್ಕೆ ಇರಲಿ. ಇದು ಬರೀ ಅಂದಕ್ಕಲ್ಲ, ಗೀರು ಬಿದ್ದ ಶೀಟ್ ಸುಲಭವಾಗಿ ಬಾಗುವುದಿಲ್ಲ. ಗೀರು ಒತ್ತಿದಾಗ ಶೀಟಿನ ಅಗಲ ಸ್ವಲ್ಪ ಕಮ್ಮಿಯಾಗುತ್ತದೆ. ಹಾಗಾಗಿ ಮೊದಲು ಗೀರು, ಆಮೇಲೆ ಕತ್ತರಿಸುವುದು. ಫ್ರೇಮಿಗಿಂತ ಸುತ್ತಲೂ 3 ಮಿ.ಮೀ. ಕಮ್ಮಿ ಕತ್ತರಿಸಿದರೆ ವೆಲ್ಡಿಂಗ್ ಕೂರಲು ಅಂಚು ಸಿಗುತ್ತದೆ. ಗೀರಿನ ಮೇಲ್ತುದಿಯನ್ನು ಮುಚ್ಚಲು ಮರೆಯಬೇಡಿ, ಮಳೆ ನೀರು ಅಲ್ಲಿಂದಲೇ ಇಳಿಯುತ್ತದೆ.

ಎರಡನೆಯದು, ವೆಲ್ಡಿಂಗನ್ನು ಬಿಟ್ಟುಬಿಟ್ಟು ಹಾಕುವುದು. ಒಂದು ಇಂಚು ಬೆಸುಗೆ, ಐದಾರು ಇಂಚು ಖಾಲಿ. ಉದ್ದ ಅಂಚಿನ ನಡುವೆ ಶುರು ಮಾಡಿ, ಎದುರು ಅಂಚಿನ ನಡುವೆ ಹಾಕಿ, ಹೀಗೇ ಮೂಲೆಗಳ ಕಡೆಗೆ ಹೋಗಿ. ಕೈಯಿಟ್ಟರೆ ತಡೆಯಲಾಗದಷ್ಟು ಬಿಸಿ ಇದ್ದರೆ ಸುಮ್ನೆ ಕಾಯಿರಿ. ಇಲ್ಲಿಗೆ 2 ಮಿ.ಮೀ. ವೆಲ್ಡಿಂಗ್ ರಾಡ್ ಸಾಕು, ಕರೆಂಟ್ 50 ಆಂಪ್ ಆಸುಪಾಸು. ಕಿಡಿಯನ್ನು ಪೈಪಿನ ಮೇಲೆ ನಿಲ್ಲಿಸಿ, ಕರಗಿದ ಲೋಹ ಶೀಟನ್ನು ಮುಟ್ಟಿದರೆ ಸಾಕು. ಕಿಡಿ ನೇರ ಶೀಟಿನ ಮೇಲೆ ನಿಂತರೆ ತೂತು ಖಂಡಿತ.

ಕಣ್ಣಿನ ವಿಚಾರ ಹೇಳಲೇಬೇಕು. ಹುಡುಗರು ಟ್ಯಾಕ್ ಹೊಡೆಯುವಾಗ ಒಂದು ಕ್ಷಣ ತಾನೇ ಅಂತ ಬರಿಗಣ್ಣಲ್ಲಿ ನೋಡುತ್ತಾರೆ. ಆಗ ಏನೂ ಆಗುವುದಿಲ್ಲ. ಕೆಲವು ಗಂಟೆ ಕಳೆದು, ರಾತ್ರಿ ಕಣ್ಣಿಗೆ ಮರಳು ಹಾಕಿದಂತೆ ಉರಿ ಶುರುವಾಗುತ್ತದೆ. ಒಂದೇ ಒಂದು ಟ್ಯಾಕ್ ಇದ್ದರೂ ಮುಖಗವಸು ಬೇಕು. ಕೈಗೆ ಚರ್ಮದ ಗವಸು, ಮೈಗೆ ಹತ್ತಿ ಬಟ್ಟೆ. ಕರಾವಳಿಯಲ್ಲಿ ತುಕ್ಕಿಗೆ ಹೆದರಿ ಸತು ಲೇಪದ ಶೀಟ್ ಬಳಸುವವರು, ಬೆಸೆಯುವ ಜಾಗದ ಲೇಪವನ್ನು ಮೊದಲು ಉಜ್ಜಿ ತೆಗೆಯಿರಿ. ಸತುವಿನ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಕೆಲಸ ಗಾಳಿಯಾಡುವ ಜಾಗದಲ್ಲೇ ಆಗಲಿ.

ಹಿಂಜು, ಚಿಲಕ

ಮೂರು ಬುಲೆಟ್ ಹಿಂಜು ಬೇಕು. ಪಿನ್ ಇರುವ ಅರ್ಧ ಚೌಕಟ್ಟಿಗೆ, ಪಿನ್ ಮೇಲ್ಮುಖವಾಗಿ. ಟೊಳ್ಳು ಅರ್ಧ ಕದಕ್ಕೆ. ಮೂರೂ ಒಂದೇ ಗೆರೆಯಲ್ಲಿ ಇರಲೇಬೇಕು. ಮೇಲಿಂದ ಕೆಳಗೆ ದಾರ ಎಳೆದು ನೋಡಿ. ಒಂದು ಹಿಂಜು ಒಂದೆರಡು ಮಿ.ಮೀ. ಆಚೀಚೆ ಆದರೂ ಬಾಗಿಲು ಕಿರುಗುಟ್ಟುತ್ತದೆ, ಪಿನ್ ಸವೆಯುತ್ತದೆ. ಮೊದಲು ಟ್ಯಾಕ್ ಹೊಡೆದು, ಕದವನ್ನು ಹತ್ತು ಸಲ ತೆರೆದು ಮುಚ್ಚಿ ನೋಡಿ, ಆಮೇಲೆ ಪೂರ್ತಿ ಬೆಸೆಯಿರಿ. ಆಲ್ಡ್ರಾಪ್ (ಬೀಗ ಹಾಕುವ ಅಡ್ಡ ಚಿಲಕ) ಹಾಕುವ ಜಾಗದಲ್ಲಿ ಬರೀ ಶೀಟಿಗೆ ಬೆಸೆದರೆ ಒಂದು ಒದೆಗೆ ಕಿತ್ತು ಬರುತ್ತದೆ. ಅಡ್ಡ ಪೈಪ್ ಅಲ್ಲೇ ಬರುವ ಹಾಗೆ ಮೊದಲೇ ಜೋಡಿಸಿಕೊಳ್ಳಿ.

ಬಣ್ಣ, ನಿಲ್ಲಿಸುವುದು

ಬೆಸುಗೆಯ ಮೇಲಿನ ಕಿಟ್ಟ ಕುಟ್ಟಿ, ಗ್ರೈಂಡ್ ಮಾಡಿ, ತಿನ್ನರಿನಲ್ಲಿ ಎಣ್ಣೆ ಒರೆಸಿ, ಅವತ್ತೇ ರೆಡ್ ಆಕ್ಸೈಡ್, ಅಂದರೆ ತುಕ್ಕು ತಡೆಯುವ ಮೊದಲ ಬಣ್ಣ, ಹೊಡೆಯಿರಿ. ಒಂದು ರಾತ್ರಿ ಬಿಟ್ಟರೂ ತೇವಕ್ಕೆ ತುಕ್ಕು ಹಿಡಿಯುತ್ತದೆ. ಕೆಳಗಿನ ಅಡ್ಡ ಪೈಪಿನ ತಳಕ್ಕೆ 6 ಮಿ.ಮೀ. ತೂತು ಎರಡು ಕೊರೆಯಿರಿ, ಒಳಗೆ ನೀರು ನಿಲ್ಲದಿರಲಿ. ಆಮೇಲೆ ಎರಡು ಕೋಟ್ ಎನಾಮೆಲ್. ಬುಡದ ಒಂದಡಿಗೆ ನಾನು ಮೂರನೇ ಕೋಟ್ ಹೊಡೆಯುತ್ತೇನೆ.

ಚೌಕಟ್ಟನ್ನು ಬೆಣೆ ಕೊಟ್ಟು ನಿಲ್ಲಿಸಿ, ಹಿಂಜಿನ ಕಡೆಗೆ ತೂಗುಗುಂಡು ಬಿಟ್ಟು ನೋಡಿ, ಕದ ಹಾಕಿ. ಕದವನ್ನು ಅರ್ಧ ತೆರೆದು ಕೈ ಬಿಡಿ. ನಿಂತಲ್ಲೇ ನಿಂತರೆ ಸರಿ. ತಾನಾಗಿ ತೆರೆದುಕೊಂಡರೆ ಅಥವಾ ಮುಚ್ಚಿಕೊಂಡರೆ ಚೌಕಟ್ಟು ವಾಲಿದೆ, ಬೆಣೆ ಸರಿಪಡಿಸಿ. ಗಾರೆ ತುಂಬಿದ ಮೇಲೆ ಬಾಗಿಲು ಮುಚ್ಚಿ, ಮೂರು ದಿನ ಗಾರೆಗೆ ನೀರು ಹಾಕುತ್ತಾ ಇರಿ. ಅಲ್ಲಿಯವರೆಗೆ ಮನೆಯವರು ಮುಂಬಾಗಿಲಲ್ಲೇ ಓಡಾಡಲಿ. ನಾಲ್ಕನೇ ದಿನ ಬೆಣೆ ಬಿಚ್ಚಿ, ಕೆಳಗಿನ ಪಟ್ಟಿ ಕತ್ತರಿಸಿ, ಹಿಂಜಿಗೆ ಗ್ರೀಸ್ ಹಾಕಿ.