ಜಪಾನಿನ ತಿಂಡಿ ಕೊಳ್ಳುವುದು ಹೇಗೆ: ಡಬ್ಬಿಯ ಮುಂದಲ್ಲ, ಹಿಂದೆ ನೋಡಿ

ಜಪಾನ್ ಪ್ರವಾಸ ಮುಗಿಸಿ ಬಂದವರ ಮನೆಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ನೋಡುತ್ತಿದ್ದೇನೆ. ಚೆಂದದ ಕಾಗದ ಬಿಚ್ಚಿ ಡಬ್ಬಿ ತೆರೆಯುತ್ತಾರೆ. ಒಳಗಿನ ಮೋಚಿ, ಅಂದರೆ ಅಂಟು ಅಕ್ಕಿಯ ಮೆತ್ತನೆಯ ಸಿಹಿ, ಗಟ್ಟಿಯಾಗಿ ಹಲ್ಲಿಗೆ ಸಿಗುವುದಿಲ್ಲ. ಇಲ್ಲವೇ ತಾರೀಖು ಮುಗಿದು ನಾಲ್ಕು ದಿನ ಆಗಿರುತ್ತದೆ. ಇನ್ನು ಕೆಲವು ಕಡೆ ಮಕ್ಕಳು ಅರ್ಧ ಪೊಟ್ಟಣ ಖಾಲಿ ಮಾಡಿದ ಮೇಲೆ ಯಾರೋ ಫೋನ್ ಹಿಡಿದು ಓದಿ, ಇದರಲ್ಲಿ ಹಂದಿಯ ಅಂಶ ಇದೆ ಅನ್ನುತ್ತಾರೆ. ಅಷ್ಟು ದೂರದಿಂದ ಪ್ರೀತಿಯಿಂದ ಹೊತ್ತು ತಂದದ್ದು ಕಸದ ಬುಟ್ಟಿ ಸೇರುತ್ತದೆ. ತಿಂಡಿಯಲ್ಲಿ ದೋಷವಿಲ್ಲ, ಕೊಂಡ ರೀತಿಯಲ್ಲಿ ಇದೆ. ಸರಿಯಾಗಿ ಕೊಳ್ಳುವುದು ಕಷ್ಟವೂ ಅಲ್ಲ.

ಹಂತ 1: ಅಲ್ಲೇ ತಿನ್ನುವುದು ಯಾವುದು, ತರುವುದು ಯಾವುದು

ಜಪಾನಿನ ಸಾಂಪ್ರದಾಯಿಕ ಸಿಹಿಗಳಿಗೆ ವಾಗಾಶಿ ಎಂದು ಹೆಸರು. ನೀರಿನಂಶ ನೋಡಿ ಅವನ್ನು ವಿಂಗಡಿಸುತ್ತಾರೆ. ನೂರಕ್ಕೆ 30ಕ್ಕಿಂತ ಜಾಸ್ತಿ ನೀರಿದ್ದರೆ ನಾಮಾಗಾಶಿ, 10ಕ್ಕಿಂತ ಕಡಿಮೆ ಇದ್ದರೆ ಹಿಗಾಶಿ, ನಡುವಿನದು ಹಾನ್‌ನಾಮಾಗಾಶಿ. ಈ ಒಂದು ವಿಷಯ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನೀರು ಜಾಸ್ತಿ ಇದ್ದದ್ದು ಬೇಗ ಕೆಡುತ್ತದೆ, ಒಣಗಿದ್ದು ಉಳಿಯುತ್ತದೆ.

ನೆರಿಕಿರಿ ಎಂಬ ಸಿಹಿಯನ್ನು ವಸಂತದಲ್ಲಿ ಚೆರ್ರಿ ಹೂವಿನಂತೆ, ಶರತ್ಕಾಲದಲ್ಲಿ ಮೇಪಲ್ ಎಲೆಯಂತೆ ಕೈಯಲ್ಲೇ ತಿದ್ದುತ್ತಾರೆ. ನೋಡಿದರೆ ಮನೆಗೆ ತರಬೇಕು ಅನ್ನಿಸುತ್ತದೆ. ತರಬೇಡಿ. ಕ್ಯೋಟೋದ ಯಾವುದಾದರೂ ಚಹಾ ಅಂಗಡಿಯಲ್ಲಿ ಕೂತು, ಒಂದು ಬಟ್ಟಲು ಮಾಚಾ, ಅಂದರೆ ಹಸಿರು ಚಹಾ ಎಲೆಯ ಪುಡಿಯಿಂದ ಮಾಡಿದ ಚಹಾದ ಜೊತೆ ಅಲ್ಲೇ ತಿನ್ನಿ. ದೈಫುಕು ಕೂಡ ಹಾಗೆಯೇ. ಮೆತ್ತನೆಯ ಅಕ್ಕಿ ಹಿಟ್ಟಿನ ಹೊದಿಕೆ, ಒಳಗೆ ಅಜುಕಿ ಎಂಬ ಕೆಂಪು ಕಾಳಿನ ಸಿಹಿ ಹೂರಣ. ನಮ್ಮ ಹೋಳಿಗೆಯ ಹೂರಣ ಬಲ್ಲವರಿಗೆ ಮೊದಲ ತುತ್ತಿನಲ್ಲೇ ಹಿಡಿಸುತ್ತದೆ. ಆದರೆ ಮಾರನೇ ದಿನಕ್ಕೆ ಹೊದಿಕೆ ಬಿರುಸಾಗುತ್ತದೆ, ಫ್ರಿಜ್‌ನಲ್ಲಿಟ್ಟರೆ ಇನ್ನೂ ಬೇಗ. ಬೆಂದ ಅಕ್ಕಿಯ ಪಿಷ್ಟ ತಂಪಿಗೆ ಮತ್ತೆ ಗಟ್ಟಿಯಾಗುವುದೇ ಕಾರಣ. ಉಡುಗೊರೆ ಡಬ್ಬಿಗಳಲ್ಲಿ ಬರುವ ಮೋಚಿಗೆ ಸಕ್ಕರೆ ತುಂಬಾ ಹಾಕಿ ಬೇಯಿಸಿರುತ್ತಾರೆ, ಅದು ಹೆಚ್ಚು ದಿನ ಮೆತ್ತಗಿರುತ್ತದೆ. ಹಾಗಾಗಿ ಮೋಚಿ ತರಲೇಬೇಕು ಅಂದರೆ ಡಬ್ಬಿಯದನ್ನೇ ತನ್ನಿ. ಮನೆಯಲ್ಲಿ ಅಜ್ಜ, ಅಜ್ಜಿ, ಸಣ್ಣ ಮಕ್ಕಳು ಇದ್ದರೆ ಚಿಕ್ಕ ಚೂರು ಮಾಡಿ ಕೊಡಿ. ಜಪಾನಿನಲ್ಲೇ ಹೊಸ ವರ್ಷದ ಸಮಯ ಮೋಚಿ ಗಂಟಲಲ್ಲಿ ಸಿಕ್ಕಿ ವಯಸ್ಸಾದವರು ಆಸ್ಪತ್ರೆ ಸೇರುತ್ತಾರೆ.

ಹಂತ 2: ಎಲ್ಲಿ ಕೊಳ್ಳಬೇಕು

ತಾಜಾ ಸಿಹಿಗೆ ದೆಪಾಚಿಕಾ, ಅಂದರೆ ದೊಡ್ಡ ಡಿಪಾರ್ಟ್‌ಮೆಂಟ್ ಅಂಗಡಿಗಳ ನೆಲಮಾಳಿಗೆ. ಮುಚ್ಚುವ ಹೊತ್ತಿಗೆ ಹೋದರೆ ರಿಯಾಯಿತಿ ಚೀಟಿ ಅಂಟಿಸಿರುತ್ತಾರೆ. ಪೊಟ್ಟಣದ ಕುರುಕಲು ತಿಂಡಿಗೆ ಬಡಾವಣೆಯ ಸೂಪರ್‌ಮಾರ್ಕೆಟ್. ಕೊನ್ಬಿನಿ ಎಂಬ, ಹಗಲೂ ರಾತ್ರಿ ತೆರೆದಿರುವ ಸಣ್ಣ ಅಂಗಡಿಗಳು ರುಚಿ ನೋಡಲು ಸರಿ, ಆದರೆ ಅದೇ ಪೊಟ್ಟಣ ಸೂಪರ್‌ಮಾರ್ಕೆಟ್‌ನಲ್ಲಿ ಸಾಮಾನ್ಯವಾಗಿ ಅಗ್ಗ. ಒಂದು ಊರಿನ ವಿಶೇಷ ಡಬ್ಬಿ ಬೇಕಿದ್ದರೆ ಆ ಊರಿನ ರೈಲು ನಿಲ್ದಾಣ. ಹೊಕ್ಕೈಡೋಗೆ ಹೋಗದವರಿಗೆ ಟೋಕಿಯೋದ ಯುರಾಕುಚೋದಲ್ಲಿ ಆ ಪ್ರಾಂತ್ಯದ್ದೇ ಅಂಗಡಿ ಇದೆ.

ಹಂತ 3: ಡಬ್ಬಿಯ ಹಿಂಭಾಗ ಓದುವುದು

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಮೊದಲು ತಾರೀಖು. ಜಪಾನಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ. 26.11.05 ಎಂದು ಅಚ್ಚಾಗಿದ್ದರೆ ಅದು 2026ರ ನವೆಂಬರ್ 5. ನಮ್ಮ ಅಭ್ಯಾಸದಲ್ಲಿ ಓದಿದರೆ 2005ರ ನವೆಂಬರ್ 26 ಅಂತ ಕಂಡು ಗಾಬರಿಯಾಗುತ್ತದೆ. ಅಪರೂಪಕ್ಕೆ ಈಗಿನ ಚಕ್ರವರ್ತಿಯ ಕಾಲದ ರೇವಾ ಶಕೆಯ ವರ್ಷ ಹಾಕಿರುತ್ತಾರೆ. ಅದಕ್ಕೆ 2018 ಕೂಡಿಸಿ: ರೇವಾ 8 ಅಂದರೆ 2026. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ತಿಂಡಿಗೆ ದಿನ ಬಿಟ್ಟು ವರ್ಷ, ತಿಂಗಳು ಮಾತ್ರ ಹಾಕಬಹುದು. ಹಾಗೆ ತಿಂಗಳು ಮಾತ್ರ ಕಂಡರೆ ಖುಷಿಪಡಿ, ಅದು ನೆಮ್ಮದಿಯಾಗಿ ಮನೆಗೆ ತರುವ ಮಾಲು.

ಅಂಕಿ ಓದಿದರೆ ಸಾಲದು, ಅದು ಎಂಥ ತಾರೀಖು ಅಂತಲೂ ಗೊತ್ತಾಗಬೇಕು. ಎರಡು ಬಗೆ ಇವೆ. ಶೋಮಿ ಕಿಗೆನ್ ಅಂದರೆ ಅಲ್ಲಿಯವರೆಗೆ ರುಚಿ ಚೆನ್ನಾಗಿರುತ್ತದೆ. ಒಂದೆರಡು ದಿನ ದಾಟಿದ ಬಿಸ್ಕತ್ತು ವಿಷವಾಗುವುದಿಲ್ಲ. ಶೋಹಿ ಕಿಗೆನ್ ಅಂದರೆ ಅದರೊಳಗೆ ತಿಂದು ಮುಗಿಸಲೇಬೇಕು. ತಾಜಾ ಕ್ರೀಮ್ ಇರುವುದು, ತಾಜಾ ಸಿಹಿ ಹೆಚ್ಚಾಗಿ ಇದಕ್ಕೇ ಬರುತ್ತವೆ. ಎರಡನ್ನೂ ನಾಲ್ಕು ಅಕ್ಷರಗಳಲ್ಲಿ ಬರೆಯುತ್ತಾರೆ, ಕೊನೆಯ ಎರಡು ಒಂದೇ. ಗುರುತು ಹೀಗೆ: ಮೊದಲ ಅಕ್ಷರದ ಎಡಗಡೆ ಒಂದರ ಕೆಳಗೊಂದು ಮೂರು ಹನಿಯಂಥ ಗೀಟು ಇದ್ದರೆ ಶೋಹಿ. ಎರಡನೇ ಅಕ್ಷರದ ಎಡಗಡೆ ಪುಟ್ಟ ಖಾಲಿ ಚೌಕ ಇದ್ದರೆ ಶೋಮಿ. ಮೂರು ಹನಿ ಕಂಡರೆ ಸೂಟ್‌ಕೇಸಿಗೆ ಹಾಕಬೇಡಿ, ಅವತ್ತೇ ತಿನ್ನಿ.

ಉಡುಗೊರೆ ಡಬ್ಬಿಗೆ ಕಾಗದ ಸುತ್ತಿದ ಮೇಲೆ ಎಷ್ಟೋ ಸಲ ತಾರೀಖು ಒಳಗೆ ಹೋಗುತ್ತದೆ. ಅದಕ್ಕೆ ದುಡ್ಡು ಕೊಡುವ ಮೊದಲೇ ಕೇಳಿ: "ಕಿಗೆನ್ ವಾ ಇತ್ಸು ಮಾದೆ ದೆಸು ಕಾ?" ಯಾವತ್ತಿನವರೆಗೆ ಅಂತ ಅರ್ಥ. ಮಾರುವವರು ಕ್ಯಾಲೆಂಡರ್ ತೋರಿಸಿಯೋ ಬರೆದೋ ಹೇಳುತ್ತಾರೆ, ಬೇಸರಪಡುವುದಿಲ್ಲ. ಇದು ಅವರಿಗೆ ದಿನವೂ ಬರುವ ಪ್ರಶ್ನೆ. ಕೇಕ್ ಅಂಗಡಿಗಳಲ್ಲಿ ಅವರೇ, ಮನೆ ಸೇರಲು ಎಷ್ಟು ಹೊತ್ತು ಬೇಕು ಅಂತ ಕೇಳಿ ಅದಕ್ಕೆ ತಕ್ಕಷ್ಟು ಐಸ್ ಚೀಲ ಇಡುತ್ತಾರೆ. ಬೆಂಗಳೂರು ಅನ್ನುವ ಹಾಗಿದ್ದರೆ ಆ ಸಿಹಿ ಬೇಡ.

ಈಗ ಪದಾರ್ಥಗಳ ಪಟ್ಟಿ. ಸಸ್ಯಾಹಾರಿಗಳಿಗೆ ಇದು ತುಂಬಾ ಮುಖ್ಯ. ಜಪಾನಿನ ಪೊಟ್ಟಣಗಳ ಮೇಲೆ ನಮ್ಮಲ್ಲಿರುವಂತೆ ಹಸಿರು ಚುಕ್ಕಿ ಇರುವುದಿಲ್ಲ. ಹಿಂದೆ ಪುಟ್ಟ ಚೌಕದೊಳಗೆ ಪಟ್ಟಿ ಇರುತ್ತದೆ. ಯಾವುದು ಜಾಸ್ತಿ ಹಾಕಿದ್ದಾರೋ ಅದು ಮೊದಲು. ಓರೆಗೆರೆ ಬಂದ ಮೇಲೆ ಇರುವುದೆಲ್ಲ ಬಣ್ಣ, ಹುಳಿ, ಸುವಾಸನೆಯಂಥ ಸೇರ್ಪಡೆಗಳು. ಇಡೀ ಪಟ್ಟಿ ಓದುವ ತಾಳ್ಮೆ ಇಲ್ಲದವರು ಕೊನೆಗೆ ಹೋಗಿ. ಎಷ್ಟೋ ಪೊಟ್ಟಣಗಳಲ್ಲಿ ಕೊನೆಯ ಆವರಣದೊಳಗೆ ಅಲರ್ಜಿ ಮಾಡುವ ಪದಾರ್ಥಗಳನ್ನು ಒಟ್ಟಿಗೆ ಹೇಳಿರುತ್ತಾರೆ. ಮೊಟ್ಟೆ, ಹಾಲು, ಗೋಧಿ, ಶೇಂಗಾ, ಸಿಗಡಿ, ಏಡಿಗಳನ್ನು ಹೇಳುವುದು ಕಾನೂನಿನಂತೆ ಕಡ್ಡಾಯ. ದನ, ಹಂದಿ, ಕೋಳಿ ಮಾಂಸ ಮತ್ತು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಟಿನ್ ಹೇಳಿದರೆ ಒಳ್ಳೆಯದು ಎಂಬ ಪಟ್ಟಿಯಲ್ಲಿವೆ. ಬಹಳಷ್ಟು ದೊಡ್ಡ ಕಂಪನಿಗಳು ಹೇಳುತ್ತವೆ. ಆದರೆ ಕಡ್ಡಾಯವಲ್ಲ. ಅಲ್ಲಿ ಇಲ್ಲ ಅಂದ ಮಾತ್ರಕ್ಕೆ ತಿಂಡಿಯಲ್ಲೂ ಇಲ್ಲ ಅಂತ ತೀರ್ಮಾನ ಮಾಡಬೇಡಿ.

ಫೋನಿನ ಕ್ಯಾಮೆರಾ ಅನುವಾದ ಬಳಸುವುದಾದರೆ ಅಂಗಡಿಯ ಬೆಳಕಿನಲ್ಲಿ ಪೊಟ್ಟಣವನ್ನು ಮಟ್ಟಸವಾಗಿ ಹಿಡಿಯಿರಿ. ಮಿರುಗುವ ಪ್ಲಾಸ್ಟಿಕ್ ಸುಕ್ಕಾಗಿದ್ದರೆ ಆ್ಯಪ್ ಏನೇನೋ ಓದುತ್ತದೆ. ಫೋಟೊ ತೆಗೆದು ದೊಡ್ಡದು ಮಾಡಿ, ಆಮೇಲೆ ಅನುವಾದಿಸಿ. ಹುಡುಕಬೇಕಾದದ್ದು ಇವು: ಜೆಲಟಿನ್, ಪೋರ್ಕ್ ಎಕ್ಸ್‌ಟ್ರ್ಯಾಕ್ಟ್, ಚಿಕನ್ ಎಕ್ಸ್‌ಟ್ರ್ಯಾಕ್ಟ್, ಬೀಫ್, ಲಾರ್ಡ್ ಎಂಬ ಹಂದಿ ಕೊಬ್ಬು, ಕತ್ಸುಓ ಎಂಬ ಮೀನು. ಮಾರ್ಷ್‌ಮೆಲೊ ಮತ್ತು ಹೆಚ್ಚಿನ ಗಮ್ಮಿಗಳಲ್ಲಿ ಜೆಲಟಿನ್ ಇದ್ದೇ ಇರುತ್ತದೆ. ಕೊನ್ಸೊಮೆ ಎಂದು ಬರೆದ ಆಲೂ ಚಿಪ್ಸ್ ಮಾಂಸದ ಸಾರಿನ ರುಚಿಯದು, ಸಸ್ಯಾಹಾರಿಗಳು ಅದನ್ನು ಮುಟ್ಟಲೇಬೇಡಿ. ಸೆಂಬೇ ಎಂಬ ಅಕ್ಕಿಯ ಗರಿಗರಿ ಬಿಲ್ಲೆ ನಿರಪಾಯ ಅಂತ ತುಂಬಾ ಜನ ನಂಬಿದ್ದಾರೆ, ಅದೂ ಪೂರ್ತಿ ಸರಿಯಲ್ಲ. ಎಷ್ಟೋ ಸೆಂಬೇಗೆ ಮೀನಿನ ಸಾರ ಸವರಿರುತ್ತಾರೆ. ಅಕ್ಕಿ, ಸೋಯಾ ಸಾಸ್, ಸಕ್ಕರೆ ಎಂದು ಪಟ್ಟಿ ಮೂರು-ನಾಲ್ಕು ಪದಾರ್ಥದಲ್ಲಿ ಮುಗಿಯುವುದನ್ನೇ ಆರಿಸಿ. ರುಚಿಯೂ ಅದರದ್ದೇ ಚೆನ್ನ.

ಕಾಂತೆನ್ ಎಂದು ಕಂಡರೆ ಹೆದರಬೇಡಿ. ಅದು ಸಮುದ್ರಪಾಚಿಯಿಂದ ಮಾಡಿದ್ದು, ನಮ್ಮ ಅಂಗಡಿಗಳಲ್ಲಿ ಸಿಗುವ ಚೀನಾ ಗ್ರಾಸ್‌ನ ಬಳಗವೇ.

ಇನ್ನೊಂದು ಸಾಲು ನೋಡಿ: ಸೆಯಿಜೋಶಾ, ಅಂದರೆ ತಯಾರಿಸಿದವರ ವಿಳಾಸ. ಮೌಂಟ್ ಫುಜಿಯ ಚಿತ್ರ ಹಾಕಿದ ಕುಕೀ ಡಬ್ಬಿಯನ್ನು ಬೇರೆಲ್ಲೋ ಮಾಡಿ, ಮೇಲಿನ ಕಾಗದ ಮಾತ್ರ ಬದಲಾಯಿಸಿ ಮಾರುವುದು ಉಂಟು. ದೇವಸ್ಥಾನಗಳ ಬೀದಿಯಲ್ಲಿ ರಾಶಿ ಹಾಕಿದ ಇಂಥ ಕ್ರೀಮ್ ಕುಕೀಗಳಿಗೆ ದುಡ್ಡು ಹಾಕಬೇಡಿ. ವಿಳಾಸ ಆ ಊರಿನದೇ ಆಗಿದ್ದರೆ ತಗೊಳ್ಳಿ.

ಹಂತ 4: ಏನು ತರಬೇಕು

ನನ್ನ ಆಯ್ಕೆಯಲ್ಲಿ ಮೊದಲ ಸ್ಥಾನ ಯೋಕಾನ್‌ಗೆ. ಅಜುಕಿ, ಸಕ್ಕರೆ, ಕಾಂತೆನ್ ಸೇರಿಸಿ ಕುದಿಸಿ ಗಟ್ಟಿ ಮಾಡಿದ ಬಿಲ್ಲೆ. ಮೊಟ್ಟೆ ಇಲ್ಲ, ಹಾಲಿಲ್ಲ, ಜೆಲಟಿನ್ ಇಲ್ಲ. ಕ್ಯೋಟೋದಲ್ಲಿ 16ನೇ ಶತಮಾನದಲ್ಲೇ ಶುರುವಾದ ತೊರಾಯಾ ಅಂಗಡಿಯ ಪುಟ್ಟ ಯೋಕಾನ್‌ಗಳು ಒಂದೊಂದೇ ಪೊಟ್ಟಣದಲ್ಲಿ ಬರುತ್ತವೆ, ತಿಂಗಳುಗಟ್ಟಲೆ ಇರುತ್ತವೆ. ತೆಳುವಾಗಿ ಕತ್ತರಿಸಿ, ಸಕ್ಕರೆ ಹಾಕದ ಚಹಾದ ಜೊತೆ ಕೊಡಿ. ದಪ್ಪ ತುಂಡು ಕೊಟ್ಟರೆ ಸಿಹಿ ಜಾಸ್ತಿ ಅನ್ನಿಸಿ ತಟ್ಟೆಯಲ್ಲೇ ಬಿಡುತ್ತಾರೆ.

ಆಮೇಲೆ ವಾಸನ್‌ಬೊನ್. ಶಿಕೊಕು ದ್ವೀಪದ ಕಾಗಾವಾ, ತೊಕುಶಿಮಾದಲ್ಲಿ ಮಾಡುವ ನುಣುಪು ಸಕ್ಕರೆಯನ್ನು ಮರದ ಅಚ್ಚಿನಲ್ಲಿ ಒತ್ತಿ ಹೂವು, ಎಲೆ ಮಾಡುತ್ತಾರೆ. ನಾಲಿಗೆ ಮೇಲಿಟ್ಟರೆ ಅಗಿಯುವ ಮೊದಲೇ ಕರಗಿ ಹೋಗುತ್ತದೆ. ಬಣ್ಣಬಣ್ಣದ ಕೊನ್ಪೆಯಿತೋ ಕೂಡ ಬರೀ ಸಕ್ಕರೆ. ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದದ್ದು. ಕಾಳಿನಷ್ಟು ಸಣ್ಣ ಸಕ್ಕರೆ ಹರಳಿನ ಮೇಲೆ ಪಾಕ ಸುರಿಯುತ್ತಾ, ಬಿಸಿ ಬಾಣಲೆಯಲ್ಲಿ ಉರುಳಿಸುತ್ತಾ ದಿನಗಟ್ಟಲೆ ಬೆಳೆಸಿ ಮುಳ್ಳು ಮೂಡಿಸುತ್ತಾರೆ. ಈ ಎರಡೂ ಹಗುರ, ಒಡೆಯದಂತೆ ಕೈಚೀಲದಲ್ಲಿಡಿ.

ಕ್ಯೋಟೋದ ಯಾತ್ಸುಹಾಶಿಯಲ್ಲಿ ಎರಡು ಬಗೆ. ಚಕ್ಕೆಯ ಘಮದ, ಸುಟ್ಟು ಗರಿಗರಿ ಮಾಡಿದ್ದು ತಿಂಗಳುಗಟ್ಟಲೆ ಇರುತ್ತದೆ. ಮೆತ್ತನೆಯ ನಾಮಾ ಯಾತ್ಸುಹಾಶಿ ರುಚಿಯಲ್ಲಿ ಮುಂದೆ, ಆದರೆ ಕೆಲವೇ ದಿನ. ಹೊರಡುವ ಹಿಂದಿನ ದಿನ ಕೊಂಡರೆ ಮಾತ್ರ ತನ್ನಿ.

ಮೊಟ್ಟೆ ತಿನ್ನುವವರಿಗೆ ದಾರಿ ಇನ್ನೂ ಅಗಲ. 1976ರಿಂದ ಸಪ್ಪೊರೊದಲ್ಲಿ ಮಾಡುವ ಶಿರೊಯಿ ಕೊಯಿಬಿತೊ ಬಿಸ್ಕತ್ತು, ಕಾಮಾಕುರಾದ ಪಾರಿವಾಳದ ಆಕಾರದ ಹಾತೊ ಸಾಬುರೆ, ನಾಗಾಸಾಕಿಯ ಕಾಸುತೆರಾ ಕೇಕ್. ಬಾಳೆಹಣ್ಣಿನ ಕ್ರೀಮ್ ತುಂಬಿದ ಟೋಕಿಯೋ ಬನಾನಾ ಕೇಕ್ 1991ರಿಂದ ಇದೆ, ಎಲ್ಲರೂ ಕೊಳ್ಳುತ್ತಾರೆ. ಆದರೆ ಒಂದು ವಾರದ ಆಸುಪಾಸಿನಲ್ಲಿ ಮುಗಿಸಬೇಕು. ಊರಿಗೆ ಬಂದ ಮೇಲೆ ನೆಂಟರ ಮನೆಗಳಿಗೆ ಹಂಚುತ್ತಾ ಹದಿನೈದು ದಿನ ಮಾಡುವವರಿಗೆ ಅದು ಬೇಡವೇ ಬೇಡ. ರಾಯ್ಸ್ ಕಂಪನಿಯ ನಾಮಾ ಚಾಕೊಲೇಟ್ 10 ಡಿಗ್ರಿಗಿಂತ ಕೆಳಗಿರಬೇಕು, ಅದರ ಹಲವು ಬಗೆಗಳಲ್ಲಿ ಮದ್ಯ ಬೆರೆತಿರುತ್ತದೆ. ವಿಮಾನ ನಿಲ್ದಾಣದಲ್ಲಿ ಕೊನೆಯ ಗಳಿಗೆಯಲ್ಲಿ, ತಂಪು ಚೀಲದ ಸಮೇತ ಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿಂದ ಕಲಬುರಗಿಯೋ ರಾಯಚೂರೋ ತಲುಪಬೇಕಿದ್ದರೆ ಬಿಡಿ.

ಕಿಟ್‌ಕ್ಯಾಟ್‌ಗೆ ಸೂಟ್‌ಕೇಸಿನ ಅರ್ಧ ಜಾಗ ಕೊಡುವವರನ್ನು ನೋಡಿದ್ದೇನೆ. ಮಾಚಾ ರುಚಿಯ ಒಂದು ಚೀಲ ಸಾಕು. ಖಾರ ಇಷ್ಟಪಡುವವರಿಗೆ ನಿಯಿಗಾತಾದ ಕಾಕಿ ನೋ ತಾನೆ, ಶೇಂಗಾ ಬೆರೆತ ಅಕ್ಕಿಯ ಕುರುಕಲು. ನಮ್ಮ ಬಾಯಿಗೆ ಹತ್ತುವ ತಿಂಡಿ. ಸಸ್ಯಾಹಾರಿಗಳು ಮಾತ್ರ ಪ್ರತಿ ಸಲವೂ ಹಿಂಭಾಗ ನೋಡಿಯೇ ತಗೊಳ್ಳಿ.

ಹಂತ 5: ಕುಡಿಯುವುದು

ದಾರಿಬದಿಯ ಮಾರಾಟ ಯಂತ್ರಗಳಲ್ಲಿ ಬಾಟಲಿಯ ಕೆಳಗೆ ಕೆಂಪು ಪಟ್ಟಿ ಇದ್ದರೆ ಬಿಸಿ, ನೀಲಿ ಇದ್ದರೆ ತಂಪು. ಚಳಿಗಾಲದಲ್ಲಿ ಬಿಸಿ ಶಿರುಕೊ ಕ್ಯಾನ್ ಹುಡುಕಿ, ಅಜುಕಿಯ ಸಿಹಿ ಗಂಜಿ ಅದು. ಅಲ್ಲಾಡಿಸಿ ತೆರೆಯಿರಿ, ಇಲ್ಲದಿದ್ದರೆ ಕಾಳೆಲ್ಲ ತಳದಲ್ಲೇ ಉಳಿಯುತ್ತದೆ. ಕಾರ್ನ್ ಸೂಪ್ ಕ್ಯಾನ್‌ನಲ್ಲಿ ಕೋಳಿ ಸಾರ ಇರಬಹುದು, ನೋಡಿ. 1919ರಿಂದ ಇರುವ ಕ್ಯಾಲ್ಪಿಸ್ ಹಾಲು ಹುಳಿಸಿ ಮಾಡಿದ ಪಾನೀಯ, ಮಜ್ಜಿಗೆ ಪ್ರಿಯರಿಗೆ ಹಿಡಿಸಬಹುದು.

ಕೊನ್ಬಿನಿಯ ಫ್ರಿಜ್‌ನಲ್ಲಿ ನಿಂಬೆ, ಪೀಚ್ ಹಣ್ಣಿನ ಚಿತ್ರದ ಕ್ಯಾನ್‌ಗಳನ್ನು ಮಕ್ಕಳ ಕೈಗೆ ಕೊಡುವ ಮೊದಲು ಮುಚ್ಚಳ ಮುಟ್ಟಿ ನೋಡಿ. ಮದ್ಯದ ಕ್ಯಾನ್‌ಗಳ ಮೇಲೆ ಕಣ್ಣು ಕಾಣದವರಿಗಾಗಿ ಬ್ರೈಲ್ ಚುಕ್ಕಿಗಳಲ್ಲಿ ಮದ್ಯ ಎಂದು ಬರೆದಿರುತ್ತಾರೆ. ಜ್ಯೂಸ್‌ನಂತೆ ಕಾಣುವ, ಹಣ್ಣಿನ ರುಚಿಯ ಮದ್ಯವಾದ ಚುಹಾಯಿಗೂ ಸಾಮಾನ್ಯವಾಗಿ ಚುಕ್ಕಿಗಳಿರುತ್ತವೆ. ಅಮಾಜಾಕೆ ಎಂಬ ಅಕ್ಕಿಯ ಸಿಹಿ ಪಾನೀಯದಲ್ಲೂ ಎರಡು ಬಗೆ: ಅಕ್ಕಿ ಮತ್ತು ಕೋಜಿ ಎಂಬ ಹುದುಗು ಬೂಷ್ಟಿನಿಂದ ಮಾಡಿದ್ದರಲ್ಲಿ ಮದ್ಯವಿಲ್ಲ, ಸಾಕೆ ಎಂಬ ಅಕ್ಕಿಯ ಮದ್ಯದ ಚರಟದಿಂದ ಮಾಡಿದ್ದರಲ್ಲಿ ಸ್ವಲ್ಪ ಇರಬಹುದು.

ಮನೆಗೆ ತರಲು ಚಹಾ ಎಲೆಯೇ ಒಳ್ಳೆಯದು. ಮಾಚಾಗೆ ಈಗ ಎಲ್ಲಿಲ್ಲದ ಬೇಡಿಕೆ. 2024ರ ಶರತ್ಕಾಲದಲ್ಲೇ ಕ್ಯೋಟೋದ ಹೆಸರಾಂತ ಅಂಗಡಿಗಳು ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿದವು. ಕ್ಯೋಟೋ ಪಕ್ಕದ, ಚಹಾಗೆ ಹೆಸರಾದ ಉಜಿಯ ಚಿಕ್ಕ ಡಬ್ಬಿ ಸಿಕ್ಕರೆ ತನ್ನಿ. ಪಟ್ಟಿಯಲ್ಲಿ ಸಕ್ಕರೆ ಮೊದಲಿದ್ದರೆ ಅದು ಮಾಚಾ ಅಲ್ಲ, ಲಾಟೆ ಪುಡಿ. ನಾನಾದರೆ ಮಾಚಾ ಬಿಟ್ಟು ಹೋಜಿಚಾ ಕೊಳ್ಳಿ ಅನ್ನುತ್ತೇನೆ. ಹುರಿದ ಎಲೆ, ಕಹಿ ಕಡಿಮೆ, ಬೆಲೆ ಕಡಿಮೆ, ಹಾಲು ಹಾಕಿದರೂ ಘಮ ಉಳಿಯುತ್ತದೆ. ಮಾಚಾದ ವಾಸನೆಗೇ ಮುಖ ಸಿಂಡರಿಸುವವರೂ ಇದನ್ನು ಕುಡಿಯುತ್ತಾರೆ.

ಹಂತ 6: ಬಿಲ್ಲು, ಸೂಟ್‌ಕೇಸು, ಮನೆ

2019ರ ಅಕ್ಟೋಬರ್‌ನಿಂದ ಕಟ್ಟಿಸಿಕೊಂಡ ತಿಂಡಿಗೆ ತೆರಿಗೆ ನೂರಕ್ಕೆ 8, ಅಂಗಡಿಯಲ್ಲೇ ಕೂತು ತಿಂದರೆ 10, ಮದ್ಯಕ್ಕೆ 10. ತೆರಿಗೆ ಇಲ್ಲದೆ ಕೊಳ್ಳಲು ಒಂದೇ ಅಂಗಡಿಯಲ್ಲಿ ಕನಿಷ್ಠ 5,000 ಯೆನ್ ಆಗಬೇಕು, ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಮೊಹರು ಮಾಡಿಕೊಟ್ಟ ಚೀಲವನ್ನು ಜಪಾನ್ ಬಿಡುವವರೆಗೆ ಬಿಚ್ಚಬಾರದು. 2026ರ ನವೆಂಬರ್ 1ರಿಂದ ಕ್ರಮ ಬದಲು: ಮೊದಲು ತೆರಿಗೆ ಸೇರಿಸಿ ಪೂರ್ತಿ ಕೊಡಬೇಕು, ಹೊರಡುವಾಗ ತಪಾಸಣೆ ಆದ ಮೇಲೆ ವಾಪಸ್.

ಪುಡಿಂಗ್, ಜೆಲ್ಲಿ ಕೂಡ ದ್ರವದ ಲೆಕ್ಕವೇ. 100 ಮಿಲಿಗಿಂತ ದೊಡ್ಡದಿದ್ದರೆ ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ. ಸೆಂಬೇ ಪೊಟ್ಟಣಗಳನ್ನು ಬಟ್ಟೆಗಳ ನಡುವೆ ನಿಲ್ಲಿಸಿ, ಭಾರದ್ದೇನೂ ಮೇಲೆ ಬರದಂತೆ.

ಮನೆಯಲ್ಲಿ ಪೊಟ್ಟಣ ಬಿಚ್ಚಿದಾಗ ಪುಟ್ಟ ಚೀಟಿಯಂಥ ಪುಡಿಕೆ ಸಿಕ್ಕರೆ ಅದು ತೇವ ಅಥವಾ ಆಮ್ಲಜನಕ ಹೀರುವ ಪುಡಿ. ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ. ಡಬ್ಬಿಯ ಮೇಲಿನ ತಾರೀಖು ಬಿಚ್ಚದ ಪೊಟ್ಟಣಕ್ಕೆ ಮಾತ್ರ. ಮಳೆಗಾಲದಲ್ಲಿ ಬಿಚ್ಚಿದ ಸೆಂಬೇ ಸಂಜೆಯೊಳಗೆ ಮೆತ್ತಗಾಗುತ್ತದೆ, ತಕ್ಷಣ ಗಾಳಿಯಾಡದ ಡಬ್ಬಿಗೆ ಹಾಕಿ. ಮಾಚಾ ಡಬ್ಬಿಯನ್ನು ಫ್ರಿಜ್‌ನಲ್ಲಿಟ್ಟಿದ್ದರೆ ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ಒಳಗೆ ತೇವ ಕೂತು ಪುಡಿ ಗಂಟಾಗುತ್ತದೆ. ಡಬ್ಬಿಯ ತಂಪು ಪೂರ್ತಿ ಇಳಿಯಲಿ, ಆಮೇಲೆ ತೆರೆಯಿರಿ. ತೆರೆದ ಮಾಚಾವನ್ನು ಒಂದು ತಿಂಗಳೊಳಗೆ ಕುಡಿದು ಮುಗಿಸಿ.