ಉಸಿರು ಬೇಗ ಮರಳುತ್ತದೆ, ಮೂಳೆ ನಿಧಾನ: ಮತ್ತೆ ಓಟ ಶುರುಮಾಡುವುದು ಹೇಗೆ?

ಐದು ವರ್ಷ ಓಟ ಬಿಟ್ಟಿದ್ದ ನಾನು ಮತ್ತೆ ಶೂ ಕಟ್ಟಿಕೊಂಡು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಗೆ ಹೋದೆ. ಮೊದಲ ವಾರ ಏದುಸಿರು ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ. ಮೂರನೇ ವಾರಕ್ಕೆ ಉಸಿರು ಹದಕ್ಕೆ ಬಂತು, ಹಳೆಯ ವೇಗ ನೆನಪಾಯಿತು, ಒಂದು ಭಾನುವಾರ ಎಂಟು ಕಿ.ಮೀ. ಓಡಿಬಿಟ್ಟೆ. ಮರುದಿನ ಹಾಸಿಗೆಯಿಂದ ಇಳಿದು ಕಾಲೂರಿದಾಗ ಹಿಮ್ಮಡಿಯ ಮೇಲಿನ ಭಾಗ ಹಗ್ಗದ ಹಾಗೆ ಬಿಗಿದಿತ್ತು. ಅದು ಸಡಿಲವಾಗಲು ಎರಡೂವರೆ ತಿಂಗಳು ಹಿಡಿಯಿತು. ಮಧ್ಯೆ ಓಟ ಬಿಟ್ಟವರು ಮೊದಲ ದಿನದ ಸುಸ್ತಿಗೆ ಹೆದರುತ್ತಾರೆ. ಹೆದರಬೇಕಾದ್ದು ಮೈ ಹಗುರವೆನಿಸುವ ಮೂರನೇ ವಾರಕ್ಕೆ.

ಯಾಕೆ ಹೀಗೆ?

ಓಟ ನಿಲ್ಲಿಸಿದ ಎರಡು ವಾರದೊಳಗೇ ರಕ್ತದ ದ್ರವಭಾಗವಾದ ಪ್ಲಾಸ್ಮಾ ಕಡಿಮೆಯಾಗತೊಡಗುತ್ತದೆ. ಆಗ ಹೃದಯ ಒಂದು ಬಡಿತಕ್ಕೆ ದೂಡುವ ರಕ್ತವೂ ಇಳಿಯುತ್ತದೆ, ಮೊದಲಿನ ವೇಗಕ್ಕೇ ಅದು ಹೆಚ್ಚು ಸಲ ಬಡಿಯಬೇಕಾಗುತ್ತದೆ. ಆದರೆ ಬೇಗ ಹೋದದ್ದು ಬೇಗ ಬರುತ್ತದೆ. ಕೆಲವೇ ವಾರಗಳ ಅಭ್ಯಾಸಕ್ಕೆ ಉಸಿರಾಟ ಎಷ್ಟೋ ಸುಧಾರಿಸುತ್ತದೆ.

ಮೂಳೆಯ ಲೆಕ್ಕವೇ ಬೇರೆ. ಅದು ಹೊಸ ಭಾರಕ್ಕೆ ಒಗ್ಗುವ ರೀತಿ ಹಳೆಯ ಮನೆಯ ರಿಪೇರಿಯಂತೆ: ಮೊದಲು ಕೆಡವುವ ಜೀವಕೋಶಗಳು ಬರುತ್ತವೆ, ಆಮೇಲೆ ಕಟ್ಟುವವು. ಕೆಡವುವುದು ಕೆಲವು ವಾರದ ಕೆಲಸ, ಕಟ್ಟಿ ಗಟ್ಟಿಯಾಗಲು ಮೂರ್ನಾಲ್ಕು ತಿಂಗಳು ಬೇಕು. ಗೋಡೆ ಒಡೆದು ಹೊಸ ಇಟ್ಟಿಗೆ ಇನ್ನೂ ಕೂರದ ಆ ನಡುಗಾಲದಲ್ಲಿ ಮೂಳೆ ಮೊದಲಿಗಿಂತ ಮೆತ್ತಗಿರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ರಕ್ತ ಸಂಚಾರ ಕಡಿಮೆ, ಹಾಗಾಗಿ ಅವೂ ನಿಧಾನ. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹತೂಕದ ಎರಡರಿಂದ ಮೂರು ಪಟ್ಟು ಬಲ ಬೀಳುತ್ತದೆ. 70 ಕೆ.ಜಿ. ಇದ್ದವರು 76ಕ್ಕೆ ಏರಿದ್ದರೆ ಹೆಜ್ಜೆಗೆ ಹನ್ನೆರಡರಿಂದ ಹದಿನೆಂಟು ಕೆ.ಜಿ. ಹೆಚ್ಚುವರಿ ಭಾರ. ನಮ್ಮ ಉಸಿರು ‘ಇನ್ನೂ ಓಡು’ ಅನ್ನುವ ಹೊತ್ತಿಗೆ ಕಾಲು ಅರ್ಧ ಕೆಡವಿದ ಮನೆಯಾಗಿರುತ್ತದೆ.

ಶುರುವಿಗೆ ಮುನ್ನ

ಸಕ್ಕರೆ ಕಾಯಿಲೆ, ಬಿಪಿ, ಎದೆನೋವು, ತಲೆಸುತ್ತು ಇದ್ದವರು ಮತ್ತು ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದ ಉದಾಹರಣೆ ಇರುವವರು ವೈದ್ಯರನ್ನು ಕಂಡೇ ಮುಂದುವರಿಯಬೇಕು. ಇದನ್ನು ಮುಂದೂಡಬೇಡಿ.

ಅಟ್ಟದ ಮೇಲಿನ ಹಳೆಯ ಶೂ ನೋಡಲು ಹೊಸದರಂತಿದ್ದರೂ ನಂಬಬೇಡಿ. ವರ್ಷಗಟ್ಟಲೆ ಇಟ್ಟರೆ ಅಡಿಯ ಫೋಮ್ ಗಡುಸಾಗುತ್ತದೆ, ಅಂಟು ಬಿಡುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಫೋಮ್ ಸ್ವಲ್ಪವೂ ತಗ್ಗದಿದ್ದರೆ ಅದು ತೋಟದ ಕೆಲಸಕ್ಕಿರಲಿ.

ಮೊದಲ ಎರಡು ವಾರ ನಡಿಗೆ ಮಾತ್ರ

ದಿನಕ್ಕೆ ಮೂವತ್ತು ನಿಮಿಷ, ವಾರಕ್ಕೆ ಐದು ದಿನ, ಬಿರುಸಾಗಿ. ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮಂಡಿ, ಮೀನಖಂಡ, ಹಿಮ್ಮಡಿ ಏನೂ ತಕರಾರು ಮಾಡದಿದ್ದರೆ ಮುಂದಿನ ಹಂತ. ಕಾಂಕ್ರೀಟ್ ಫುಟ್‌ಪಾತ್‌ಗಿಂತ ಕೆರೆ ಏರಿಯ ಮಣ್ಣುಹಾದಿ, ಶಾಲಾ ಮೈದಾನ ಮೇಲು. ಕೆಲವು ತಿಂಗಳು ಇಳಿಜಾರಿನ ಓಟ ಬೇಡ. ಚಾಮುಂಡಿ ಬೆಟ್ಟ ಹತ್ತುವುದು ಉಸಿರಿಗೆ ಕಷ್ಟ, ಆದರೆ ಓಡಿ ಇಳಿಯುವುದೇ ತೊಡೆಯ ಸ್ನಾಯುವನ್ನು ಹೆಚ್ಚು ನೋಯಿಸುವುದು.

ಆಮೇಲೆ ಓಟ–ನಡಿಗೆ

ದಿನ ಬಿಟ್ಟು ದಿನ, ವಾರಕ್ಕೆ ಮೂರೇ ಸಲ. ಐದು ನಿಮಿಷ ನಡೆದು ಮೈ ಬಿಸಿ ಮಾಡಿಕೊಂಡು, 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಎಂಟು ಸಲ. ಇದು ಅಮೆರಿಕದ ಜೋಶ್ ಕ್ಲಾರ್ಕ್ 1996ರಲ್ಲಿ ರೂಪಿಸಿದ, ಓಟಗಾರರು ‘ಕೌಚ್ ಟು 5ಕೆ’ ಎನ್ನುವ ಒಂಬತ್ತು ವಾರದ ಕ್ರಮದ ಮೊದಲ ವಾರ. ಮುಂದಿನ ವಾರಗಳಲ್ಲಿ ಓಟದ ಹೊತ್ತು ಹಿಗ್ಗುತ್ತಾ ಕೊನೆಗೆ ಮೂವತ್ತು ನಿಮಿಷ ತಡೆಯಿಲ್ಲದೆ ಓಡುವಷ್ಟಾಗುತ್ತದೆ. ಎರಡನೇ ಸಲ ನಾನು ಇದನ್ನು ಹದಿಮೂರು ವಾರಕ್ಕೆ ಎಳೆದೆ: ವಾರದ ಕೊನೆಗೆ ಕಾಲಿನಲ್ಲಿ ಬಿಗಿತ ಉಳಿದಿದ್ದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿದೆ. ಮೂಳೆಯ ರಿಪೇರಿ ಕಾಲಕ್ಕೆ ಅದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ನಂಬಿಕೆ.

ಪರಿಚಿತರ ಮುಂದೆ ನಡೆಯಲು ಮುಜುಗರವಾಗುತ್ತದೆ ಅನ್ನುವವರಿಗೆ ಒಂದು ಮಾತು. ಓಟದ ನಡುವೆ ನಡಿಗೆ ಬೆರೆಸುವ ಕ್ರಮವನ್ನು ಜನಪ್ರಿಯಗೊಳಿಸಿದ ಜೆಫ್ ಗ್ಯಾಲೊವೇ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದ ಓಟಗಾರ.

ವೇಗಕ್ಕೆ ವಾಚ್ ನೋಡಬೇಡಿ, ಮಗ್ಗಿ ಹೇಳಿ. ಓಡುತ್ತಲೇ ಹನ್ನೆರಡರ ಮಗ್ಗಿಯ ಎರಡು ಸಾಲನ್ನು ಒಂದೇ ಉಸಿರಿಗೆ ಹೇಳಲು ಬಂದರೆ ವೇಗ ಸರಿ. ‘ಹನ್ನೆರಡೆರಡ್ಲ...’ ಎನ್ನುವಷ್ಟಕ್ಕೇ ಉಸಿರು ಸಿಕ್ಕಿಕೊಂಡರೆ ನಿಧಾನಿಸಿ. ಮಂಗಳೂರು, ಕಾರವಾರದ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಹೃದಯದ ಬಡಿತ ಏರುತ್ತದೆ. ಅಲ್ಲಿನವರು ಬೆಂಗಳೂರಿನ ಗೆಳೆಯರ ವೇಗಕ್ಕೆ ಹೋಲಿಸಿಕೊಳ್ಳಬಾರದು.

ಓಟವಿಲ್ಲದ ಎರಡು ದಿನ ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಲ್ಲಿ. ಹಿಮ್ಮಡಿ ಎತ್ತಿ, ಮೂರು ಎಣಿಸುತ್ತಾ ಇಳಿಸಿ. ಹದಿನೈದರಂತೆ ಮೂರು ಸಲ. ನನ್ನ ಹಿಮ್ಮಡಿ ದಾರಿಗೆ ಬಂದದ್ದು ಇದರಿಂದಲೇ.

ನೋವನ್ನು ಓದುವುದು

ಓಡಿದ ಮರುದಿನ ಎರಡೂ ತೊಡೆ, ಎರಡೂ ಮೀನಖಂಡ ಸಮನಾಗಿ ನೊಂದರೆ ಅದು ಸ್ನಾಯುವಿನ ಮೈಕೈ ನೋವು. ನಡೆದಾಡಿದರೆ ಸಡಿಲವಾಗಿ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಒಂದೇ ಕಾಲಿನಲ್ಲಿ, ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆಯ ಮೇಲೆ, ಬೆರಳಿಟ್ಟು ತೋರಿಸುವಷ್ಟು ಸಣ್ಣ ಜಾಗದಲ್ಲಿ ನೋವಿದ್ದರೆ, ರಾತ್ರಿ ಮಲಗಿದಾಗಲೂ ಮಿಡಿದರೆ, ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಆ ದಿನವೇ ಓಟ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಮಾತ್ರೆ ನುಂಗಿ ಓಡುವುದು ಖಂಡಿತ ಬೇಡ.

ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ಹತ್ತು ಕಿ.ಮೀ. ಓಟದಂಥದ್ದಕ್ಕೆ ಹೆಸರು ಕೊಡುವ ಆಸೆ ಎಲ್ಲರಿಗೂ ಇರುತ್ತದೆ. ಮೂವತ್ತು ನಿಮಿಷದ ಓಟ ಒಂದಿಡೀ ತಿಂಗಳು ನೋವಿಲ್ಲದೆ ನಡೆದ ಮೇಲೆ ಕೊಡಿ. ಮದುವೆ, ಜ್ವರ, ಮಕ್ಕಳ ಪರೀಕ್ಷೆ ಎಂದು ಒಂದು ವಾರ ತಪ್ಪಿದರೆ ಹಿಂದಿನ ವಾರದ ಲೆಕ್ಕದಿಂದ ಮುಂದುವರಿಯಿರಿ. ಮೂರು ವಾರ ತಪ್ಪಿದರೆ ಅರ್ಧಕ್ಕೆ ಇಳಿಸಿ. ಅದಕ್ಕೂ ಹೆಚ್ಚಾದರೆ ಮತ್ತೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ.